ಕಹಿಗೂ ಒಂದು ಮರ್ಯಾದೆ: ಹಾಪ್ಸ್ ಬಿಯರಿನ ರುಚಿ, ಅಳತೆ, ತೀರ್ಪು

ಬೆಂಗಳೂರಿನ ಯಾವುದೇ ಮೈಕ್ರೋಬ್ರೂವರಿಯಲ್ಲಿ ಐಪಿಎ ಗ್ಲಾಸು ಮೇಜಿಗೆ ಬಂತೆಂದರೆ ಕೇಳಿಬರುವುದು ಸಾಮಾನ್ಯವಾಗಿ ಎರಡೇ ಮಾತು. ‘ಇದೇನ್ರೀ, ಬೇವಿನ ಕಷಾಯ!’ ಎಂದು ಮುಖ ಸಿಂಡರಿಸುವವರು ಒಂದು ಕಡೆ, ‘ಎಷ್ಟು ಹಾಪಿ, ಸೂಪರ್’ ಎಂದು ತಲೆದೂಗುವವರು ಇನ್ನೊಂದು ಕಡೆ. ಮೊದಲನೆಯದು ದೂರು, ಎರಡನೆಯದು ಶೋಕಿ. ತೀರ್ಪು ಎರಡರಲ್ಲೂ ಇಲ್ಲ. ಹಾಪ್ಸ್ ಮೇಲುಗೈಯಾದ ಬಿಯರನ್ನು ಯಾವ ಆಧಾರದ ಮೇಲೆ ಚಲೋ ಅನ್ನಬೇಕು, ಯಾವುದರ ಮೇಲೆ ತಳ್ಳಿಹಾಕಬೇಕು? ಇದಕ್ಕೆ ರಸಾಯನಶಾಸ್ತ್ರಜ್ಞರದ್ದೊಂದು ಉತ್ತರ, ಸ್ಪರ್ಧೆಯ ತೀರ್ಪುಗಾರರದ್ದೊಂದು, ಮಾರುವವರದ್ದು ಮತ್ತೊಂದು. ಅವನ್ನೆಲ್ಲ ಒಂದು ಸುತ್ತು ನೋಡಿ, ನಮ್ಮ ಬಾಗಲಕೋಟೆ ಜಿಲ್ಲೆಯ ಕಮತಗಿ, ಹುನಗುಂದ, ಇಳಕಲ್ ಕಡೆಯ ನಾಲಿಗೆಗೆ ಯಾವುದು ಒದಗೀತು ಎಂದು ವಿಚಾರಿಸಬೇಕಾಗಿದೆ. ಓದಿಗೆ, ಕೆಲಸಕ್ಕೆ ಎಂದು ಬೆಂಗಳೂರು ಸೇರಿದ ನಮ್ಮ ಕಡೆಯ ಹುಡುಗರು, ಹುಡುಗಿಯರೂ ಈಗ ಆ ಮೇಜುಗಳ ಸುತ್ತ ಕೂತಿರುವುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಹೆಸರಿನಲ್ಲಿ ನಮ್ಮ ದೇಶ ಇದೆ, ಪಾನೀಯ ಮಾತ್ರ ಪೂರಾ ವಿಲಾಯತಿಯದು. ಲಂಡನ್ನಿನ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಹತ್ತಿರವಿತ್ತು. ಹಡಗಿನ ಕಪ್ತಾನರಿಗೆ ದೀರ್ಘ ಸಾಲದ ಮೇಲೆ ಮಾಲು ಕೊಡುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್, ಬಾಸ್ ಮುಂತಾದವರು ಆ ವ್ಯಾಪಾರಕ್ಕೆ ಕೈಹಾಕಿ ಹಾಡ್ಜ್‌ಸನ್ ಮನೆತನವನ್ನು ಹಿಂದೆ ಹಾಕಿದರು. ಸಮುದ್ರಯಾನದಲ್ಲಿ ಬಿಯರ್ ಕೆಡದಿರಲಿ ಎಂದೇ ಹಾಡ್ಜ್‌ಸನ್ ಈ ಬಗೆಯನ್ನು ಕಂಡುಹಿಡಿದ ಎಂಬ ಕಥೆ ಬಾರುಗಳ ಗೋಡೆಯ ಮೇಲೆಲ್ಲ ಇದೆ. ಅದು ಕಥೆಯೇ. ಹೆಚ್ಚು ಹಾಪ್ಸ್ ಹಾಕಿ ಇಡುವ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು, ಪೋರ್ಟರ್ ಎಂಬ ಕಪ್ಪು ಬಿಯರೂ ಅದೇ ಹಡಗುಗಳಲ್ಲಿ ಕೆಡದೆ ಬರುತ್ತಿತ್ತು. ದಂಡಿನ ಗೋರಾ ಸಿಪಾಯಿಗಳು ಕುಡಿದದ್ದು ಬಹುಮಟ್ಟಿಗೆ ಆ ಪೋರ್ಟರನ್ನೇ. ಪೇಲ್ ಏಲ್ ಸಾಹೇಬರ ಊಟದ ಮೇಜಿನದು.

ಕರ್ನಾಟಕದಲ್ಲಿ ಬಿಯರಿನ ದೊಡ್ಡ ಕಥೆ 1915ರದ್ದು. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1940ರ ದಶಕದ ಕೊನೆಯಲ್ಲಿ ವಿಠಲ ಮಲ್ಯರು ಅದರ ಚುಕ್ಕಾಣಿ ಹಿಡಿದರು. ಆ ಕಾಲಕ್ಕೆ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದ ನಮ್ಮ ಭಾಗದ ದಾರಿ ಬೇರೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿಗೂ ಬಂತು. ನಿಷೇಧ ಸಡಿಲವಾದ ಮೇಲೆ ಮೊದಲು ಸಾರಾಯಿ, 2007ರ ಜುಲೈನಲ್ಲಿ ಅದೂ ನಿಂತ ಮೇಲೆ ಅಗ್ಗದ ವಿಸ್ಕಿ ಮತ್ತು ‘ಸ್ಟ್ರಾಂಗ್’ ಬಿಯರ್. ಸ್ಟ್ರಾಂಗ್ ಬಿಯರಿನಲ್ಲಿ ಹಾಪ್ಸ್ ಹೆಸರಿಗಷ್ಟೇ; ಅಲ್ಲಿ ಕೊಳ್ಳುವವನು ಲೆಕ್ಕ ಹಾಕುವುದು ಎಷ್ಟು ರೂಪಾಯಿಗೆ ಎಷ್ಟು ಏರುತ್ತದೆ ಎಂದು. ಇಂಥ ಮಾರುಕಟ್ಟೆಯಲ್ಲಿ ಬೆಳೆದ ನಾಲಿಗೆಗೆ ಐಪಿಎ ವಿಚಿತ್ರ ಅನಿಸಿದರೆ ತಪ್ಪು ನಾಲಿಗೆಯದಲ್ಲ.

ಪುಣೆಯಲ್ಲಿ 2009ರಲ್ಲಿ ಡೂಲಾಲಿ ಶುರುವಾಯಿತು. 2010ರಿಂದ 2012ರ ಒಳಗೆ ಬೆಂಗಳೂರಿನಲ್ಲಿ ಟಾಯ್ಟ್, ಬಿಯೇರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಒಂದರ ಹಿಂದೊಂದು ಬಂದವು. ಅಮೆರಿಕದ ಮಿಷಿಗನ್ನಿನ ನಂಟಿದ್ದ ಆರ್ಬರಿನ ‘ರೇಜಿಂಗ್ ಎಲಿಫೆಂಟ್’ ಐಪಿಎ ಬೆಂಗಳೂರಿಗೆ ನಿಜವಾದ ಹಾಪ್ಸ್ ಕಹಿಯನ್ನು ಪರಿಚಯಿಸಿದ ಮೊದಲಿನವುಗಳಲ್ಲಿ ಒಂದು. ಇಂದು ನಗರದಲ್ಲಿ ಹತ್ತಾರು ಬ್ರೂವರಿಗಳಿವೆ, ಬಹುತೇಕ ಎಲ್ಲದರ ಮೆನು ಹಲಗೆಯ ಮೇಲೂ ಒಂದಾದರೂ ಹಾಪ್ಸ್ ಬಿಯರ್ ಇರುತ್ತದೆ. ಮಾಡುವವರು ಹೆಚ್ಚಿದರು, ತೂಗಿ ನೋಡುವವರು ಅಷ್ಟು ಹೆಚ್ಚಿಲ್ಲ.

ಹಾಪ್ಸ್ ಒಂದು ಬಳ್ಳಿ. ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಹೆಣ್ಣು ಬಳ್ಳಿಯ ಹೂಗೊಂಚಲಿನ ಪಕಳೆಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಕೂತಿರುತ್ತದೆ. ಕಹಿಯೂ ಕಂಪೂ ಅದರೊಳಗೇ. ಬೇಸಿಗೆಯಲ್ಲಿ ದೀರ್ಘ ಹಗಲು ಬೇಕಾದ್ದರಿಂದ ಕರ್ನಾಟಕದಲ್ಲಿ ಇದು ಬೆಳೆಯಲಾರದು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪ ಬೆಳೆಯುತ್ತಾರೆ. ಬೆಂಗಳೂರಿನ ಬ್ರೂವರಿಗಳಿಗೆ ಬೇಕಾದ ಕಂಪಿನ ತಳಿಗಳು ಬಹುತೇಕ ಅಮೆರಿಕದ ಯಾಕಿಮಾ, ಜರ್ಮನಿಯ ಹಾಲರ್‌ಟಾವ್ ಮೊದಲಾದ ಕಡೆಯಿಂದ ಗುಳಿಗೆಯ ರೂಪದಲ್ಲಿ ಹಡಗು ಹತ್ತಿ ಬರುತ್ತವೆ.

ಲುಪುಲಿನ್‌ನಲ್ಲಿರುವ ಆಲ್ಫಾ ಆಮ್ಲಗಳು ಹಸಿಯಾಗಿದ್ದಾಗ ಅಷ್ಟಾಗಿ ಕರಗುವುದಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸದಲ್ಲಿ ಕುದಿಸಿದಾಗ ಅವು ಐಸೋ-ಆಲ್ಫಾ ಆಮ್ಲಗಳಾಗಿ ಬದಲಾಗಿ ಬಿಯರಿಗೆ ಕಹಿ ಕೊಡುತ್ತವೆ, ಹುಳಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ನೊರೆ ನಿಲ್ಲುವಂತೆಯೂ ಮಾಡುತ್ತವೆ. ಕಂಪಿನ ಎಣ್ಣೆಗಳ ಸ್ವಭಾವ ಇದಕ್ಕೆ ಉಲ್ಟಾ: ಕುದಿಸಿದರೆ ಹಾರಿಹೋಗುತ್ತವೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸನ್ನು ಕುದಿಯ ಮೊದಲಲ್ಲಿ, ಕಂಪಿನದನ್ನು ಕೊನೆಯಲ್ಲಿ ಅಥವಾ ಹುದುಗು ಬಂದ ತಣ್ಣನೆಯ ಬಿಯರಿಗೇ ಹಾಕುತ್ತಾರೆ. ಈ ಕೊನೆಯ ಕ್ರಮಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಕಹಿ ಒಂದು ಲೆಕ್ಕ, ಕಂಪು ಬೇರೆ ಲೆಕ್ಕ ಎಂಬುದನ್ನು ಮರೆತವರೇ ‘ಹಾಪಿ’ ಅಂದರೆ ‘ಕಹಿ’ ಅಂದುಕೊಳ್ಳುವುದು. ಮೂಗಿಗೆ ತೋಟವೇ ಬಂದಂತಿದ್ದು ಬಾಯಿಗೆ ಕಹಿಯೇ ಇಲ್ಲದ ಹಾಪ್ಸ್ ಬಿಯರ್ ಇರಬಹುದು.

ಕಹಿಯನ್ನು ಅಳೆಯಲು ಐಬಿಯು ಎಂಬ ಮಾನ ಇದೆ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಐಸೋ-ಆಲ್ಫಾ ಆಮ್ಲ ಇದೆ ಎಂಬುದು ಅದರ ಸ್ಥೂಲ ಅರ್ಥ. ಆಮ್ಲ ಹಾಕಿದ ಬಿಯರಿನಿಂದ ಐಸೋ-ಆಕ್ಟೇನ್ ದ್ರಾವಕಕ್ಕೆ ಕಹಿ ಪದಾರ್ಥ ಇಳಿಸಿ, 275 ನ್ಯಾನೋಮೀಟರ್ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ನೋಡಿ 50ರಿಂದ ಗುಣಿಸುತ್ತಾರೆ. ಪ್ರಯೋಗಾಲಯಕ್ಕೆ ಇದು ಸರಿ. ಒಂದೇ ಬಿಯರ್ ಪ್ರತಿ ಸಲವೂ ಒಂದೇ ಬಗೆಯಲ್ಲಿ ಬರುತ್ತಿದೆಯೇ ಎಂದು ಬ್ರೂವರಿಗೆ ತಿಳಿಯಲು ಬೇಕೇ ಬೇಕು. ಕುಡಿಯುವವನ ಮುಂದೆ ಹಲಗೆಯ ಮೇಲೆ ‘65 ಐಬಿಯು’ ಎಂದು ಬರೆದರೆ ಮಾತ್ರ ಅದರಿಂದ ಅವನಿಗೆ ತಿಳಿಯುವುದು ಬಹಳ ಕಡಿಮೆ. ಮಾಲ್ಟಿನ ಸಿಹಿ ದಟ್ಟವಾಗಿದ್ದರೆ 65 ಮೆತ್ತಗಾಗುತ್ತದೆ. ಮೈ ತೆಳುವಾಗಿದ್ದರೆ 35 ಕೂಡ ಗಂಟಲು ಕೆರೆಯುತ್ತದೆ. ಕಹಿಯ ಸಂಖ್ಯೆಯನ್ನು ಪೌರುಷದ ಗುರುತೆಂದು ಮಾರಿದ ಒಂದು ಕಾಲ ಅಮೆರಿಕದಲ್ಲಿತ್ತು. ಅಲ್ಲಿ ಅದು ಹಳತಾಗಿ, ಮೋಡದಂತೆ ಮಬ್ಬಾದ, ಕಹಿ ಕಡಿಮೆ ಇದ್ದು ಹಣ್ಣಿನ ವಾಸನೆ ಹೆಚ್ಚಿರುವ ‘ಹೇಜಿ’ ಐಪಿಎ ಬಂದು ವರ್ಷಗಳೇ ಆದವು.

ಹಾಗಾದರೆ ನಾಲಿಗೆ ಏನನ್ನು ನೋಡಬೇಕು? ನನ್ನ ಉತ್ತರ: ಕಹಿ ಹೇಗೆ ಏರುತ್ತದೆ, ಯಾವಾಗ ಬಿಡುತ್ತದೆ. ಐಸೋ-ಆಲ್ಫಾ ಕಹಿ ತಕ್ಷಣ ಬರುವುದಿಲ್ಲ. ನುಂಗಿದ ಮೇಲೆ ಏರಿ, ನಿಧಾನ ಇಳಿಯುತ್ತದೆ. ಒಳ್ಳೆಯ ಬಿಯರಿನಲ್ಲಿ ಅದು ಏರಿ, ಬಾಯಿ ಸ್ವಚ್ಛ ಮಾಡಿ, ಜಾಗ ಖಾಲಿ ಮಾಡುತ್ತದೆ. ಇನ್ನೊಂದು ಗುಟುಕಿಗೆ ಬಾಯಿ ತಾನೇ ಕೇಳುತ್ತದೆ. ಕೆಟ್ಟದ್ದರಲ್ಲಿ ಕಹಿ ಅಲ್ಲೇ ತಳವೂರಿ, ಮೇಲಿಂದ ಒಗರೂ ಸೇರಿ, ಆಸ್ಪಿರಿನ್ ಗುಳಿಗೆ ಅಗಿದಂತಾಗುತ್ತದೆ. ಮೆಂತೆಪಲ್ಲೆ, ಹಾಗಲಕಾಯಿ, ಗುರೆಳ್ಳು ಚಟ್ನಿ ತಿಂದು ಬೆಳೆದವರಿಗೆ ಈ ಎರಡು ಕಹಿಗಳ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಹದವಾಗಿ ಹುರಿದ ಗುರೆಳ್ಳಿನ ಕಹಿ ಬೇರೆ, ಸೀದ ಗುರೆಳ್ಳಿನದು ಬೇರೆ. ಕಹಿಯನ್ನು ಊಟದಿಂದ ಹೊರಗಿಡದ ನಮ್ಮ ನಾಲಿಗೆ, ಬರೀ ಸಿಹಿ ಸೋಡಾದ ಮೇಲೆ ಬೆಳೆದ ನಾಲಿಗೆಗಿಂತ ಈ ಕೆಲಸಕ್ಕೆ ಹೆಚ್ಚು ತಯಾರಾಗಿದೆ ಎಂಬುದು ನನ್ನ ಪಕ್ಷಪಾತ.

ಆ ಒಗರು ಬರುವುದರಲ್ಲಿ ನೀರಿನ ಪಾಲು ದೊಡ್ಡದು. ಬರ್ಟನ್ನಿನ ಬಾವಿಗಳಲ್ಲಿ ಜಿಪ್ಸಮ್ ಹೇರಳ. ಅದರ ಸಲ್ಫೇಟ್ ಕಹಿಯನ್ನು ಚುರುಕಾಗಿಸಿ ಒಣಗಿದ ಮುಕ್ತಾಯ ಕೊಡುತ್ತದೆ. ಬರ್ಟನ್ನಿನ ಪೇಲ್ ಏಲ್ ಲಂಡನ್ನಿನದನ್ನು ಸೋಲಿಸಿದ್ದಕ್ಕೆ ಇದೂ ಒಂದು ಕಾರಣ. ಕ್ಲೋರೈಡ್ ಹೆಚ್ಚಿದರೆ ಮಾಲ್ಟ್ ತುಂಬಿಕೊಂಡು ಕಹಿ ದುಂಡಗಾಗುತ್ತದೆ. ಗಡಸು ನೀರೆಲ್ಲ ಒಂದೇ ಎಂದು ತಿಳಿಯಬಾರದು. ಬಾಗಲಕೋಟೆಯಿಂದ ಲೋಕಾಪುರದವರೆಗೆ ನಮ್ಮ ಕಾಲಡಿಯಲ್ಲಿರುವುದು ಕಲಾದಗಿ ಸರಣಿಯ ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಸುಣ್ಣಕಲ್ಲಿನ ನೀರಿನಲ್ಲಿ ಬೈಕಾರ್ಬೋನೇಟ್ ಹೆಚ್ಚು. ಅಂಥ ನೀರಿನಲ್ಲಿ ಮಾಲ್ಟ್ ನೆನೆಸಿದರೆ ಕ್ಷಾರ ಏರಿ ಸಿಪ್ಪೆಯ ಟ್ಯಾನಿನ್ ಬಿಡುತ್ತದೆ, ಹಾಪ್ಸಿನ ಕಹಿ ಒರಟಾಗುತ್ತದೆ. ಬೆಂಗಳೂರಿನವರು ಆರ್‌ಒ ನೀರು ಮಾಡಿಕೊಂಡು ಬೇಕಾದ ಲವಣ ಸೇರಿಸುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಳೆ, ನದಿ, ಕೆರೆ, ಬಾವಿಗಳ ನೀರನ್ನು ಬಗೆಬಗೆಯಾಗಿ ವಿಂಗಡಿಸಿದ್ದಾನೆ. ಕುಡಿಯುವ ಪದಾರ್ಥದ ವಿಮರ್ಶೆ ನೀರಿನಿಂದ ಶುರುವಾಗಬೇಕು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಈಗ ಕಂಪಿಗೆ ಬರೋಣ. ಹಾಪ್ಸ್ ಬಿಯರಿನ ಅರ್ಧಕ್ಕಿಂತ ಹೆಚ್ಚು ಸಂಗತಿ ಇರುವುದು ಇಲ್ಲೇ. ಅಮೆರಿಕದಲ್ಲಿ 1972ರಲ್ಲಿ ಕ್ಯಾಸ್ಕೇಡ್ ಎಂಬ ತಳಿ ಬಿಡುಗಡೆಯಾದಾಗ ಹಾಪ್ಸಿಗೆ ಹಣ್ಣಿನ ವಾಸನೆ ಬರಬಹುದು ಎಂಬುದೇ ದೊಡ್ಡ ಬ್ರೂವರಿಗಳಿಗೆ ಕಿರಿಕಿರಿ. ಸಣ್ಣವರು ಅದನ್ನೇ ಹಿಡಿದು ಮೇಲೆ ಬಂದರು. ಆಮೇಲೆ ಸಿಟ್ರಾ, ಮೊಸಾಯಿಕ್ ಹೀಗೆ ಸಾಲು. ಇವುಗಳನ್ನು ವರ್ಣಿಸಲು ಬೆಂಗಳೂರಿನ ಹಲಗೆಗಳೂ ಆಡುವುದು ಅಮೆರಿಕದ ಮಾತನ್ನೇ: ಗ್ರೇಪ್‌ಫ್ರೂಟ್, ಪೈನ್, ಪ್ಯಾಶನ್‌ಫ್ರೂಟ್. ಗ್ರೇಪ್‌ಫ್ರೂಟ್ ಎಂದೂ ತಿನ್ನದವನು ಅದನ್ನು ಓದಿ ಹೌದೆಂದು ತಲೆಯಾಡಿಸುತ್ತಾನೆ. ಇದು ರುಚಿ ನೋಡುವುದಲ್ಲ, ಬರೆದದ್ದನ್ನು ಒಪ್ಪುವುದು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತ ಬೆಂಗಳೂರಿನ ಪಕ್ಕದಲ್ಲೇ ಇದೆ. ಅದರ ಬಿಳಿ ತಿರುಳಿನ ಕಹಿ, ಸಿಪ್ಪೆಯ ಎಣ್ಣೆ ಕ್ಯಾಸ್ಕೇಡ್ ಹಾಪ್ಸನ್ನು ಗುರುತಿಸಲು ಸಾಕು.

ನಮ್ಮ ಹಿತ್ತಲಿನ, ಅಡುಗೆಮನೆಯ ವಾಸನೆಗಳಲ್ಲೇ ಹಾಪ್ಸಿನ ರಸಾಯನದ ದೊಡ್ಡ ಭಾಗ ಇದೆ ಎಂಬುದು ಹುಡುಕಿದರೆ ಆಶ್ಚರ್ಯವಾಗುವಷ್ಟು ನಿಜ. ಹಾಪ್ಸ್ ಎಣ್ಣೆಯ ಮುಖ್ಯ ಪದಾರ್ಥ ಮಿರ್ಸೀನ್. ಮಾವಿನಕಾಯಿಯ ತೊಟ್ಟು ಮುರಿದಾಗ ಸಿಡಿಯುವ ಸೊನೆಯಲ್ಲಿರುವುದೂ ಅದೇ ಜಾತಿಯ ಟರ್ಪೀನ್‌ಗಳು. ಲಿನಲೂಲ್ ಹಾಪ್ಸಿನಲ್ಲೂ ಇದೆ, ಹವೀಜದಲ್ಲಂತೂ ಅದೇ ಪ್ರಧಾನ. ಕ್ಯಾರಿಯೋಫಿಲೀನ್ ಮೆಣಸಿನಕಾಳು, ಲವಂಗದ್ದು. ಹೊಸ ತಳಿಗಳ ‘ಉಷ್ಣವಲಯದ ಹಣ್ಣು’ ಎಂಬ ವಾಸನೆಗೆ ಕಾರಣವಾದ ಗಂಧಕದ ಥಯಾಲ್‌ಗಳು ಮಾಗಿದ ಪೇರಲಹಣ್ಣಿನಲ್ಲೂ ಇವೆ. ಪೈನ್ ಮರ ಕಾಣದವರಿಗೆ ಧೂಪದ ರಾಳ ಸಾಕು. ಇಂಗ್ಲಿಷ್ ಶೈಲಿಯ ಐಪಿಎಯಲ್ಲಿ ಹಾಪ್ಸಿನ ಕೆಳಗೆ ಬರುವ ಕ್ಯಾರಮೆಲ್ ಮಾಲ್ಟಿನ ವಾಸನೆಗೆ ಅಮೀನಗಡದ ಕರದಂಟಿನ ಬೆಲ್ಲದ ಪಾಕ ನೆನಪಾದರೆ ಅದನ್ನೇ ಬರೆದುಕೊಳ್ಳಿ. ಡೆನ್ಮಾರ್ಕಿನ ಮಾರ್ಟನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಬಿಯರಿನ ರುಚಿಚಕ್ರ ಮಾಡಿದ್ದು, ಒಬ್ಬನಿಗೆ ಆದ ಅನುಭವ ಇನ್ನೊಬ್ಬನಿಗೆ ತಿಳಿಯಲಿ ಎಂದು. ತಿನ್ನದ ಹಣ್ಣಿನ ಹೆಸರು ಆ ಉದ್ದೇಶಕ್ಕೇ ವಿರುದ್ಧ.

ದೋಷಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರು ಇನ್ನೂ ಮುಂದು. ಕೆಲವು ಹಾಪ್ಸ್ ತಳಿಗಳನ್ನು ತಡವಾಗಿ ಕೊಯ್ದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ವಾಸನೆ ಹೊಡೆಯುತ್ತದೆ. ಉಳ್ಳಾಗಡ್ಡಿ ಬೆಳೆದು ಒಟ್ಟಿ ಕಾಯುವ ಬಾಗಲಕೋಟೆಯ ರೈತನ ಮೂಗನ್ನು ಈ ವಿಷಯದಲ್ಲಿ ಯಾರು ಮೀರಿಸಬೇಕು? ಹಳೆಯ ಹಾಪ್ಸ್ ಚೀಸ್‌ನಂತೆ, ಬೆವರಿದ ಕಾಲುಚೀಲದಂತೆ ನಾರುತ್ತದೆ. ಅದು ಐಸೋವ್ಯಾಲೆರಿಕ್ ಆಮ್ಲ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್. ಡ್ರೈ ಹಾಪಿಂಗ್ ಮಾಡಿದಾಗ ಹಾಪ್ಸಿನ ಕಿಣ್ವಗಳು ಹುದುಗದೆ ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆ ಮಾಡಿ ಹುದುಗನ್ನು ಮತ್ತೆ ಕೆರಳಿಸುವುದರಿಂದ ಇದು ಬರಬಹುದು, ಕಾಯುವ ತಾಳ್ಮೆ ಇಲ್ಲದ ಬ್ರೂವರಿಯ ಗುರುತು. ಒದ್ದೆ ರಟ್ಟಿನ ವಾಸನೆ ಆಮ್ಲಜನಕ ತಗುಲಿದ್ದಕ್ಕೆ. ಬೆಳಕು ಬಿದ್ದರೆ ಐಸೋ-ಆಲ್ಫಾ ಆಮ್ಲ ಒಡೆದು ಸ್ಕಂಕ್ ಪ್ರಾಣಿಯ ದುರ್ನಾತ. ಹಾಪ್ಸ್ ಬಿಯರಿಗೆ ಕಂದು ಬಾಟಲಿ, ಡಬ್ಬಿ ಬೇಕಾದ್ದು ಇದಕ್ಕೆ.

ಈ ದೋಷಗಳಲ್ಲಿ ನಮ್ಮ ಭಾಗಕ್ಕೆ ಹೆಚ್ಚು ತಟ್ಟುವುದು ಬಿಸಿಲು. ಬಾಟಲಿ ಬಿಯರಿನ ಆಯುಷ್ಯಕ್ಕೆ ವೃತ್ತಿಯವರು 3-30-300 ಎಂಬ ಸ್ಥೂಲ ಲೆಕ್ಕ ಹೇಳುತ್ತಾರೆ: 32 ಡಿಗ್ರಿಯಲ್ಲಿ 3 ದಿನ ಇಟ್ಟರೂ, 22 ಡಿಗ್ರಿಯಲ್ಲಿ 30 ದಿನ ಇಟ್ಟರೂ, 3 ಡಿಗ್ರಿಯಲ್ಲಿ 300 ದಿನ ಇಟ್ಟರೂ ಆಗುವ ಹಾನಿ ಹೆಚ್ಚುಕಡಿಮೆ ಒಂದೇ. ಏಪ್ರಿಲ್‌ನಲ್ಲಿ 40 ಮುಟ್ಟುವ ಬಾಗಲಕೋಟೆ ಜಿಲ್ಲೆಯ ವೈನ್ ಶಾಪಿನ ಶೆಲ್ಫಿಗೆ ಈ ಲೆಕ್ಕ ಹಚ್ಚಿ ನೋಡಿ. ಕಂಪು ಮೊದಲು ಸಾಯುತ್ತದೆ, ಕಹಿ ಉಳಿಯುತ್ತದೆ, ಅದೂ ಒರಟಾಗಿ. ಹಾಗಾಗಿ ಊರಲ್ಲಿ ಐಪಿಎ ಬಾಟಲಿ ಕುಡಿದು ‘ಬೇವಿನ ಕಷಾಯ’ ಅಂದವರ ಮಾತು ಆ ಬಾಟಲಿಯ ಮಟ್ಟಿಗೆ ಖರೆ ಇರಲೂಬಹುದು. ಮೈಕ್ರೋಬ್ರೂವರಿಯ ಅನುಕೂಲವೂ ಇಲ್ಲೇ ಇದೆ: ಟ್ಯಾಂಕಿನಿಂದ ನಳಕ್ಕೆ ಹತ್ತು ಹೆಜ್ಜೆ. ಹಾಪ್ಸ್ ಬಿಯರಿನಲ್ಲಿ ತಾಜಾತನಕ್ಕೇ ಅರ್ಧದಷ್ಟು ಅಂಕ ಎನ್ನುವುದಾದರೆ, ಬೆಂಗಳೂರಿನ ಕುಡುಕ ಪರದೇಶದ ದುಬಾರಿ ಬಾಟಲಿ ಹುಡುಕುವುದು ದಡ್ಡತನ.

ಅಂಕ ಎಂದಾಗ ಸ್ಪರ್ಧೆಗಳ ಮಾತು. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಂದಕ್ಕೆ 10. ನೋಟಕ್ಕೆ ಮೂರೇ ಅಂಕ ಎಂಬುದನ್ನು ಇನ್‌ಸ್ಟಾಗ್ರಾಂ ಮಂದಿ ಗಮನಿಸಬೇಕು. ಈ ಪದ್ಧತಿಯ ಗುಣ, ಕುಡಿಯುವ ಮೊದಲು ಮೂಸಲು, ಮೂಸಿದ್ದನ್ನು ಬರೆಯಲು ಒತ್ತಾಯಿಸುವುದು. ದೋಷವೂ ಇದೆ: ಪ್ರತಿ ಬಗೆಗೂ ಚೌಕಟ್ಟು ಹಾಕಿ, ಉದಾಹರಣೆಗೆ ಅಮೆರಿಕನ್ ಐಪಿಎಗೆ 40ರಿಂದ 70 ಐಬಿಯು, ಶೇ. 5.5ರಿಂದ 7.5 ಆಲ್ಕೋಹಾಲ್ ಎಂದು ಗೊತ್ತುಮಾಡಿ, ಅದಕ್ಕೆ ಎಷ್ಟು ಒಪ್ಪುತ್ತದೆ ಎಂದೇ ಅಳೆಯುತ್ತದೆ. ನಾಳೆ ಯಾರಾದರೂ ಬಿಳಿಜೋಳ ಬೆರೆಸಿ ಒಂದು ಒಣ, ಚುರುಕಾದ ಹಾಪ್ಸ್ ಬಿಯರ್ ಮಾಡಿದರೆ ಅದಕ್ಕೆ ಖಾನೆ ಯಾವುದು? ಜೋಳದ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯುವುದರಿಂದ ಅದನ್ನು ಬೇರೆ ಬೇಯಿಸಿಕೊಳ್ಳಬೇಕು, ಕೆಲಸ ಹೆಚ್ಚು, ಅಸಾಧ್ಯವಲ್ಲ. ಆಫ್ರಿಕಾದಲ್ಲಿ ಜೋಳದ ಬಿಯರಿನದೇ ದೊಡ್ಡ ಪರಂಪರೆ ಇದೆ.

ಮನೆಯಲ್ಲಿ ಅಥವಾ ಗೆಳೆಯರ ಜೊತೆ ನೋಡುವವರಿಗೆ ನಾಲ್ಕು ಮಾತು. ಐಸ್‌ನಂತೆ ತಣ್ಣಗಿದ್ದರೆ ಕಂಪು ಏಳುವುದಿಲ್ಲ. ಎಂಟು ಹತ್ತು ಡಿಗ್ರಿಗೆ ಬರಲು ಬಿಡಿ. ಸೋಪಿನ ಜಿಡ್ಡು ಉಳಿದ ಗ್ಲಾಸಿನಲ್ಲಿ ನೊರೆ ಸತ್ತರೆ ಬಿಯರನ್ನು ಬೈಯಬೇಡಿ. ಹಲವನ್ನು ನೋಡುವುದಿದ್ದರೆ ಕಡಿಮೆ ಕಹಿಯದರಿಂದ ಹೆಚ್ಚಿನದಕ್ಕೆ ಹೋಗಿ, ಏಕೆಂದರೆ ಕಹಿ ಗುಟುಕಿನಿಂದ ಗುಟುಕಿಗೆ ನಾಲಿಗೆಯ ಮೇಲೆ ಪೇರಿಕೊಳ್ಳುತ್ತದೆ. ನಡುವೆ ನೀರು, ಉಪ್ಪು ಖಾರ ಇಲ್ಲದ ಒಂದು ಚೂರು ಜೋಳದ ರೊಟ್ಟಿ. ತೀರ್ಪಿಗೆ ಬೇಕಾದ್ದು ಒಂದು ಚಹಾದ ಗ್ಲಾಸಿನಷ್ಟು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಕ್ರಾಫ್ಟ್ ಎಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಖಾರದ ಊಟಕ್ಕೆ ಐಪಿಎ ಒಳ್ಳೆಯ ಜೋಡಿ ಎಂಬ ಮಾತು ಮೆನುಗಳಲ್ಲಿ ಬಹಳ ಕಾಣುತ್ತದೆ. ನಾನಿದನ್ನು ಒಪ್ಪಲಾರೆ. ಬಾಯಲ್ಲಿ ಉರಿಯನ್ನು ಗುರುತಿಸುವ ಗ್ರಾಹಕವನ್ನು ಆಲ್ಕೋಹಾಲ್ ಇನ್ನಷ್ಟು ಸೂಕ್ಷ್ಮವಾಗಿಸುತ್ತದೆ. ಕಹಿ ಅದರ ಮೇಲೆ ಕೂಡುತ್ತದೆ. ಸಾವಜಿ ಊಟದ ಮುಂದೆ 60 ಐಬಿಯು ಬಿಯರ್ ಇಟ್ಟರೆ ಎರಡೂ ಹಾಳು. ಅಲ್ಲಿಗೆ ಮಜ್ಜಿಗೆಯೇ ಸರಿ. ಹುರಿದ ಶೇಂಗಾ, ಮಿರ್ಚಿ ಅಲ್ಲದ ಬಜ್ಜಿ, ಎಣ್ಣೆಯಲ್ಲಿ ಕರಿದ ಮೀನು ಇವುಗಳ ಜಿಡ್ಡನ್ನು ಹಾಪ್ಸ್ ಕತ್ತರಿಸಬಲ್ಲದು.

ಕೊನೆಗೆ ಉಳಿಯುವ ಪ್ರಶ್ನೆ, ಈ ನಾಡಿನಲ್ಲಿ ರುಚಿಯನ್ನು ಶಾಸ್ತ್ರೀಯವಾಗಿ ನೋಡುವ ಪದ್ಧತಿ ಇದೆಯೇ ಎಂಬುದು. ಇದೆ, ಕಾಫಿಗೆ. ಬೆಂಗಳೂರಿನ ಕಾಫಿ ಮಂಡಳಿಯಲ್ಲಿ ಪಳಗಿದ ಕಪ್ ಪರೀಕ್ಷಕರಿದ್ದಾರೆ, 2002ರಿಂದ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆ ಇದೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಆಹಾರದ ರುಚಿ, ವಾಸನೆಗಳನ್ನು ತಂಡ ಕಟ್ಟಿ ಪರೀಕ್ಷಿಸುವ ವಿಜ್ಞಾನಿಗಳಿದ್ದಾರೆ. ದ್ರಾಕ್ಷಾರಸಕ್ಕೂ 2007ರ ನೀತಿಯ ನಂತರ ಒಂದು ಮಂಡಳಿ, ಉತ್ಸವಗಳು ಬಂದವು. ಕೃಷ್ಣಾ ಕಣಿವೆಯ ನಮ್ಮ ದ್ರಾಕ್ಷಿ ಅದರೊಳಗಿದೆ. ಬಿಯರಿಗೆ ಸರ್ಕಾರದ ಕಣ್ಣಿನಲ್ಲಿ ಸುಂಕದ ಹೊರತು ಬೇರೆ ಮುಖವೇ ಇಲ್ಲ.

ಬ್ರೂವರಿಗಳವರು ಸರ್ಕಾರಕ್ಕೆ ಕಾಯಬೇಕಿಲ್ಲ. ಹಲಗೆಯ ಮೇಲಿನ ಐಬಿಯು ಸಂಖ್ಯೆ ಅಳಿಸಿ, ಅದರ ಜಾಗದಲ್ಲಿ ಯಾವ ಹಾಪ್ಸ್, ಯಾವ ದಿನ ಡ್ರೈ ಹಾಪ್ ಮಾಡಿದ್ದು, ಯಾವ ದಿನ ನಳಕ್ಕೆ ಬಿಟ್ಟದ್ದು ಎಂದು ಕನ್ನಡದಲ್ಲಿ ಬರೆಯಲಿ. ಕುಡಿಯುವವರು ಗ್ಲಾಸು ಮುಟ್ಟುವ ಮೊದಲು ಆ ದಿನಾಂಕ ಕೇಳಲಿ. ದಿನಾಂಕ ಹೇಳಲಾರದ ಕಡೆ ಐಪಿಎ ಬೇಡ, ಬೇರೆ ಏನಾದರೂ ತರಿಸಿಕೊಳ್ಳಿ.